ಘಾಟಿ ಹತ್ತಿದರೂ ಕ್ಯಾಂಪರ್ ಫ್ರಿಜ್‌ನೊಳಗೆ ಒಂದು ಡಬ್ಬವೂ ಅಲುಗದ ಹಾಗೆ ಇಡುವುದು

ಉಜಿರೆಯಲ್ಲಿ ಚಾ ಕುಡಿದು ನಮ್ಮ ಕ್ಯಾಂಪರಿನಲ್ಲಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗುವ ಗಾಡಿಯಲ್ಲಿ, ಹೊರಟಿದ್ದೆವು. ಚಾರ್ಮಾಡಿ ಘಾಟಿಯ ಮೊದಲ ದೊಡ್ಡ ತಿರುವುಗಳಲ್ಲೇ ಹಿಂದಿನಿಂದ ಧಡ್ ಅಂತ ಶಬ್ದ ಬಂತು, ಅದರ ಬೆನ್ನಿಗೇ ಗಾಜು ಒಡೆದ ಸದ್ದು. "ಭಾವ, ಸ್ವಲ್ಪ ಬದಿಗೆ ಹಾಕಿ" ಅಂದೆ. ಘಾಟಿಯಲ್ಲಿ ಬದಿ ಅಂತ ಎಲ್ಲಿದೆ? ನಿಲ್ಲಿಸಲು ಜಾಗ ಸಿಗುವವರೆಗೆ ಇನ್ನೂ ಕೆಲವು ತಿರುವು ಹತ್ತಲೇಬೇಕಾಯಿತು. ಗಾಡಿ ಬಲಕ್ಕೆ ತಿರುಗಿದಾಗ ಫ್ರಿಜ್ ಬಾಗಿಲು ತೆರೆಯುತ್ತಿತ್ತು, ಎಡಕ್ಕೆ ತಿರುಗಿದಾಗ ಬಡಿದು ಮುಚ್ಚುತ್ತಿತ್ತು. ನಿಲ್ಲಿಸಿ ನೋಡಿದರೆ ಎರಡು ದಿನಕ್ಕಾಗುತ್ತದೆ ಅಂತ ಅಮ್ಮ ರುಬ್ಬಿ ಇಟ್ಟಿದ್ದ ಇಡ್ಲಿ ಹಿಟ್ಟು ಪೂರ್ತಿ ನೆಲದ ಮೇಲೆ. ಅದರ ನಡುವೆ ಮಿಡಿ ಉಪ್ಪಿನಕಾಯಿ ಬಾಟಲಿಯ ಚೂರು. ಹನ್ನೆರಡು ಮೊಟ್ಟೆಯಲ್ಲಿ ಎಂಟು ಒಡೆದು ಬಾಗಿಲ ರಬ್ಬರಿನ ಸಂದಿಯಲ್ಲಿ ಇಳಿಯುತ್ತಿತ್ತು. ಅಕ್ಕನ ಮಗಳು ಬರಿಗಾಲಲ್ಲಿ ಸೀಟಿನಿಂದ ಇಳಿಯಲು ಹೊರಟಿದ್ದಳು. ಅಮ್ಮ ಅವಳ ರಟ್ಟೆ ಹಿಡಿದು ವಾಪಸ್ ಕೂರಿಸಿದರು.

ಹಿಟ್ಟು ಹೋದರೆ ಇನ್ನೊಮ್ಮೆ ರುಬ್ಬಬಹುದು. ಮಗುವಿನ ಕಾಲಿಗೆ ಗಾಜು ಹೊಕ್ಕಿದ್ದರೆ, ಆ ಘಾಟಿಯ ನಡುವೆ, ಫೋನಿಗೆ ಸಿಗ್ನಲ್ ಇಲ್ಲದ ಜಾಗದಲ್ಲಿ, ಏನು ಮಾಡುವುದು? ಅವತ್ತಿನಿಂದ ನಾನು ಫ್ರಿಜ್ ವಿಷಯವನ್ನು ಸದರ ಮಾಡಿಲ್ಲ. ಈಗ ಉಡುಪಿ, ಮಂಗಳೂರು ಕಡೆಯಿಂದಲೂ ಹಳೇ ಟೆಂಪೋ ಟ್ರಾವೆಲರನ್ನು ಕ್ಯಾಂಪರ್ ಮಾಡಿಸಿಕೊಂಡು ಹೊರಡುವವರು ಕಾಣುತ್ತಿದ್ದಾರೆ. ಅಂಥವರಿಗೆ ಉಪಯೋಗ ಆಗಲಿ ಅಂತ ನಾವು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಬಾಗಿಲಿಗೆ ಗಟ್ಟಿ ಚಿಲಕ ಹಾಕಿದರೆ ಮುಗಿಯಿತು ಅಂತ ನಾವೂ ಅಂದುಕೊಂಡಿದ್ದೆವು. ಚಿಲಕ ಬೇಕೇ ಬೇಕು, ಆದರೆ ನಿಜವಾದ ತೊಂದರೆ ಇರುವುದು ಒಳಗಿನ ಖಾಲಿ ಜಾಗದಲ್ಲಿ. ಡಬ್ಬಕ್ಕೆ ನಾಲ್ಕು ಇಂಚು ಓಡಲು ಜಾಗ ಸಿಕ್ಕಿತು ಅಂದರೆ ಅದು ಓಡಿ ಬಂದು ಗುದ್ದುತ್ತದೆ. ಜಾಗವೇ ಇಲ್ಲ ಅಂದರೆ ಅದೇ ಡಬ್ಬ ಸುಮ್ನೆ ಒರಗಿಕೊಂಡು ನಿಲ್ಲುತ್ತದೆ. ಒಂದು ಚಿಲಕ ಎಷ್ಟು ಗುದ್ದು ತಡೆದೀತು?

ಮನೆಯ ಫ್ರಿಜ್ ಬಾಗಿಲು ಯಾಕೆ ತೆರೆಯುತ್ತದೆ

ಮನೆ ಫ್ರಿಜ್‌ನ ಬಾಗಿಲನ್ನು ಹಿಡಿದಿಡುವುದು ಸುತ್ತಲಿನ ರಬ್ಬರ್ ಪಟ್ಟಿಯೊಳಗಿನ ಅಯಸ್ಕಾಂತ ಮಾತ್ರ. ಅದಕ್ಕೊಂದು ಕಾರಣ ಇದೆ. ಹಿಂದೆ ಫ್ರಿಜ್‌ಗಳಿಗೆ ಹೊರಗಿನಿಂದ ಕಚ್ಚಿಕೊಳ್ಳುವ ಚಿಲಕ ಇತ್ತು. ಎಸೆದ ಹಳೇ ಫ್ರಿಜ್‌ನೊಳಗೆ ಆಟಕ್ಕೆ ಹೊಕ್ಕ ಮಕ್ಕಳು ಹೊರಬರಲಾಗದೆ ಸತ್ತ ಘಟನೆಗಳು ಆದವು. ಅದಕ್ಕೆ ಅಮೆರಿಕದಲ್ಲಿ 1956ರಲ್ಲಿ ಕಾಯ್ದೆಯನ್ನೇ ತಂದರು. ಒಳಗಿನಿಂದ ಸುಮಾರು 7 ಕಿಲೋದಷ್ಟು ಬಲ ಹಾಕಿ ತಳ್ಳಿದರೆ ಬಾಗಿಲು ತೆರೆಯಬೇಕು ಅಂತ ಅಲ್ಲಿನ ನಿಯಮ. ಮನೆಗೆ ಅದು ಒಳ್ಳೆಯದೇ. ಆದರೆ ಓಡುವ ಗಾಡಿಯಲ್ಲಿ ಒಳಗಿನಿಂದ ತಳ್ಳುವುದು ನಿಮ್ಮ ಹಿಟ್ಟಿನ ಡಬ್ಬ, ನೀರಿನ ಬಾಟಲಿ, ಮೊಸರಿನ ಪಾತ್ರೆ. ಬಾಗಿಲಿನ ರ‍್ಯಾಕ್‌ಗಳಲ್ಲೇ ನಾಲ್ಕೈದು ಕಿಲೋ ಇಟ್ಟಿರುತ್ತೇವೆ, ಅದು ಬೇರೆ ಎಳೆಯುತ್ತದೆ.

ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಒಳಗಿನ ವಸ್ತು ತನ್ನ ತೂಕದ ಮುಕ್ಕಾಲು ಪಾಲಿನಷ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ. ಆದ್ದರಿಂದ ಫ್ರಿಜ್ ಬಾಗಿಲು ಗಾಡಿಯ ಮುಂದಿನ ಕಡೆಗೆ, ಅಂದರೆ ಡ್ರೈವರ್ ಬೆನ್ನಿನ ಕಡೆಗೆ ಮುಖ ಮಾಡಿದ್ದರೆ ಅದು ಅತಿ ಕೆಟ್ಟ ಜಾಗ. ಗಾಡಿ ಇನ್ನೂ ಮಾಡಿಸುತ್ತಿದ್ದೀರಿ ಅಂತಾದರೆ ಬಾಗಿಲು ಹಿಂದಕ್ಕೆ ಮುಖ ಮಾಡುವ ಹಾಗೆ ಕೂರಿಸಲು ಹೇಳಿ, ಆಗ ಬ್ರೇಕ್ ಹಾಕಿದಾಗೆಲ್ಲ ಸಾಮಾನು ಫ್ರಿಜ್‌ನ ಬೆನ್ನಿಗೆ ಒತ್ತಿಕೊಳ್ಳುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಹತ್ತುವ ಬಾಗಿಲು ಎಡಗಡೆ ಇರುವ ಕಾರಣ ಅಡುಗೆ ಕಟ್ಟೆ, ಫ್ರಿಜ್ ಎಲ್ಲ ಬಲಗೋಡೆಗೆ ಬಂದು ಬಾಗಿಲು ಎಡಕ್ಕೆ ತೆರೆಯುತ್ತದೆ. ನಮ್ಮದೂ ಹಾಗೆ. ಇದರಲ್ಲಿ ಬಲ ತಿರುವು ಬಂದಾಗಲೆಲ್ಲ ಸಾಮಾನು ಬಾಗಿಲಿಗೆ ಒರಗುತ್ತದೆ. ದೊಡ್ಡ ಸರ್ಕಲ್ ಸುತ್ತುವಾಗಲೂ ಅಷ್ಟೇ, ನಾವು ಸುತ್ತುವುದು ಬಲಕ್ಕೇ ಅಲ್ವಾ. ನಿಮ್ಮ ಫ್ರಿಜ್‌ಗೆ ಯಾವ ತಿರುವು ಕಷ್ಟ ಅಂತ ಒಮ್ಮೆ ಲೆಕ್ಕ ಹಾಕಿ, ಗಾಡಿ ಓಡಿಸುವವರಿಗೆ ಹೇಳಿಡಿ.

ಚಿಲಕ, ಬೆಲ್ಟ್, ಮತ್ತು ಎಲ್ಲಿ ಡ್ರಿಲ್ ಹಾಕಬಾರದು

ಕ್ಯಾಂಪರಿಗೆ ಅಂತಲೇ ಬರುವ 12 ವೋಲ್ಟ್ ಫ್ರಿಜ್‌ಗಳಲ್ಲಿ ಹೆಚ್ಚಿನವಕ್ಕೆ ಲಾಕ್ ಇರುತ್ತದೆ. ಕೆಲವದರಲ್ಲಿ ಎರಡು ಹಂತ ಇದೆ. ಒಂದು ಪೂರ್ತಿ ಮುಚ್ಚಿದ ಹಂತ, ಇನ್ನೊಂದು ಗಾಳಿಯಾಡಲು ಒಂದು ಬೆರಳು ತೆರೆದ ಹಂತ. ಹೊರಡುವ ಗಡಿಬಿಡಿಯಲ್ಲಿ ಎರಡನೇ ಹಂತದಲ್ಲಿ ಕಚ್ಚಿಸಿ, ಲಾಕ್ ಆಯ್ತು ಅಂದುಕೊಂಡು ಹೊರಡುವುದು ಬಹಳ ಸುಲಭ. ಕೈಯಲ್ಲಿ ಎಳೆದು ನೋಡಿ. ಎಳೆಯುವಾಗ ಬಾಗಿಲು ಒಂದಿಷ್ಟೂ ಮಿಸುಕಬಾರದು.

ಮನೆ ಫ್ರಿಜ್ ಹಾಕಿಕೊಂಡವರು ಹೊರಗಿನಿಂದ ಚಿಲಕ ಕೂರಿಸಬೇಕು. ಇಲ್ಲಿ ಬಹಳ ಜಾಗ್ರತೆ ಬೇಕು. ಫ್ರಿಜ್‌ನ ಮೈಗೆ ಯಾವತ್ತೂ ಡ್ರಿಲ್ ಹಾಕಬೇಡಿ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಬಿಸಿ ಹೊರಹಾಕುವ ಪೈಪು ಪಕ್ಕದ ಗೋಡೆಯ ತಗಡಿನೊಳಗೇ ಓಡುತ್ತದೆ. ಅದಕ್ಕೆ ತೂತು ಬಿದ್ದರೆ ಗ್ಯಾಸ್ ಹೋಗಿ ಫ್ರಿಜ್ ಮುಗಿಯಿತು. ಆರ್600ಎ ಅಂತ ಲೇಬಲ್ ಇದ್ದರೆ ಒಳಗಿರುವುದು ಐಸೊಬ್ಯುಟೇನ್, ಬೆಂಕಿ ಹಿಡಿಯುವ ಗ್ಯಾಸ್. ಮುಚ್ಚಿದ ಗಾಡಿಯೊಳಗೆ ಅದರ ಹತ್ತಿರ ಆಟ ಬೇಡ. ಫ್ರಿಜ್ ಸುತ್ತಲಿನ ಮರದ ಚೌಕಟ್ಟಿಗೆ ಚಿಲಕ ಕೂರಿಸಿ, ಅದು ಬಾಗಿಲಿನ ಮೇಲೆ ಅಡ್ಡ ಬಂದು ಒತ್ತಿ ಹಿಡಿಯುವ ಹಾಗೆ ಮಾಡಿ. ಬಾಗಿಲಿಗೆ ಏನೂ ಕೊರೆಯುವುದೇ ಬೇಡ.

ಅಂಟಿಸುವ ಚೈಲ್ಡ್ ಲಾಕ್ ಸಿಗುತ್ತದೆ, ಅಗ್ಗ. ಆದರೆ ನಮ್ಮ ಕರಾವಳಿಯ ಬೆವರುವ ಹವೆಯಲ್ಲಿ ಆ ಅಂಟು ನಿಲ್ಲುವುದಿಲ್ಲ, ನಮ್ಮದು ಒಂದು ಮಳೆಗಾಲದಲ್ಲೇ ಕಿತ್ತು ಬಂತು. ಹಿಗ್ಗುವ ಹುಕ್ಕಿನ ಹಗ್ಗವೂ ಒಂದೇ ಸಾಲದು. ಅದು ಎಲಾಸ್ಟಿಕ್ ಅಲ್ವಾ, ತಿರುವಿನಲ್ಲಿ ಬಾಗಿಲನ್ನು ಎರಡು ಬೆರಳು ತೆರೆಯಲು ಬಿಟ್ಟು ಮತ್ತೆ ಎಳೆದುಕೊಳ್ಳುತ್ತದೆ. ಅಷ್ಟರಲ್ಲಿ ಮೊಟ್ಟೆ ಜಾರಿ ಆಗಿರುತ್ತದೆ. ಹಿಗ್ಗದ ನೈಲಾನ್ ಪಟ್ಟಿ, ಸ್ಕೂಲ್ ಬ್ಯಾಗಿಗೆ ಇರುವಂಥ ಬಕಲ್, ಇದು ಗಟ್ಟಿ. ಎರಡು ಬಾಗಿಲಿನ ಫ್ರಿಜ್ ಆದರೆ ಎರಡು ಪಟ್ಟಿ ಬೇಕು.

ನಮಗೆ ಕೊನೆಗೆ ಪರಿಹಾರ ಸಿಕ್ಕಿದ್ದು ಮಲ್ಪೆಯಲ್ಲಿ. ಬೋಟಿನ ಸಾಮಾನು ಮಾರುವ ಅಂಗಡಿಯಲ್ಲಿ ಕ್ಯಾಬಿನ್ ಬಾಗಿಲಿಗೆ ಹಾಕುವ ಸ್ಟೀಲಿನ ಚಿಲಕ ಇತ್ತು. ಗಾಡಿಗೆ ಆಗ್ತದಾ ಅಂತ ಕೇಳಿದೆ. "ಸಮುದ್ರದಲ್ಲಿ ತಡೆಯುವುದು ರಸ್ತೆಯಲ್ಲಿ ತಡೆಯುದಿಲ್ವಾ?" ಅಂದರು ಅಂಗಡಿಯವರು. ಹೌದಲ್ಲ! ತೆರೆಗೆ ಬಿದ್ದು ಏಳುವ ಬೋಟಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡುವ ವಸ್ತು ಅದು. ಕೊಳ್ಳುವಾಗ 316 ಸ್ಟೀಲ್ ಕೇಳಿ. 304 ಕೂಡ ಸ್ಟೇನ್‌ಲೆಸ್ಸೇ, ಆದರೆ ಉಪ್ಪಿನ ಗಾಳಿಗೆ 316 ಜಾಸ್ತಿ ತಡೆಯುತ್ತದೆ. ಸ್ಕ್ರೂ ಕೂಡ ಅದೇ ಸ್ಟೀಲಿನದ್ದು ಇರಲಿ. ಚಿಲಕ ಒಳ್ಳೆಯದು ಹಾಕಿ ಸ್ಕ್ರೂ ಸಾದಾ ಕಬ್ಬಿಣದ್ದು ಹಾಕಿದರೆ ಆರು ತಿಂಗಳಲ್ಲಿ ತುಕ್ಕಿನ ನೀರು ಇಳಿಯುತ್ತದೆ. ನಟ್ ಹಾಕುವಲ್ಲಿ ನೈಲಾನ್ ಉಂಗುರ ಇರುವ ನಟ್ ಹಾಕಿ, ಗಾಡಿಯ ನಡುಕಕ್ಕೆ ಸಡಿಲ ಆಗುವುದಿಲ್ಲ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಚಿಲಕವನ್ನು ಅವರ ಕೈಗೆ ಎಟುಕದ ಎತ್ತರದಲ್ಲಿ ಕೂರಿಸಿ. ಮೇಲೆ ಹೇಳಿದ ಆ ಕಾಯ್ದೆ ಯಾಕೆ ಬಂತು ಅನ್ನುವುದನ್ನು ಮರೆಯಬೇಡಿ. ಗಾಡಿ ನಿಲ್ಲಿಸಿದ ಮೇಲೂ ಖಾಲಿ ಫ್ರಿಜ್ ಇರುವ ಗಾಡಿಯೊಳಗೆ ಮಕ್ಕಳನ್ನು ಆಡಲು ಬಿಡುವುದು ಬೇಡ.

ಇನ್ನು ಫ್ರಿಜ್ಜೇ ಅಲುಗುತ್ತದೆಯಾ ಅಂತ ನೋಡಿ. ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ತುಂಬಿದ ಫ್ರಿಜ್ 40 ಕಿಲೋ ದಾಟುವುದು ಕಷ್ಟವಲ್ಲ. ಅದನ್ನು ಪ್ಲೈವುಡ್ಡಿಗೆ ಎರಡು ಸಣ್ಣ ಸ್ಕ್ರೂ ಹೊಡೆದು ನಿಲ್ಲಿಸಿದ್ದರೆ ಅದು ಯಾವತ್ತೋ ಒಂದು ದಿನ ಕಿತ್ತು ಬರುತ್ತದೆ. ನಮ್ಮ ಗಾಡಿ ಮಾಡಿಕೊಟ್ಟವರು ಹಾಗೇ ಮಾಡಿದ್ದರು. ಬಿಚ್ಚಿ, ಗಾಡಿಯ ಕಬ್ಬಿಣದ ಫ್ರೇಮಿಗೆ ಎಲ್ ಪಟ್ಟಿ ಕೊಟ್ಟು ಬೋಲ್ಟ್ ಹಾಕಿಸಿದೆವು. ಫ್ರಿಜ್ ಕಡೆಯಲ್ಲಿ ಕಂಪೆನಿಯೇ ಕೊಟ್ಟ ತೂತುಗಳಿಗೆ ಮಾತ್ರ ಬೋಲ್ಟ್ ಹಾಕಬೇಕು, ಹೊಸ ತೂತು ಬೇಡ.

ತುಂಬುವುದು: ಹಿಂದಿನ ದಿನದ ಕೆಲಸ

ಹೊರಡುವ ಹಿಂದಿನ ದಿನವೇ ಫ್ರಿಜ್ ಆನ್ ಮಾಡಿ, ಮನೆಯ ಕರೆಂಟಿನಲ್ಲೇ ಖಾಲಿ ಫ್ರಿಜ್ ತಣ್ಣಗಾಗಲಿ. ಸಾಮಾನನ್ನೂ ಮನೆಯ ಫ್ರಿಜ್‌ನಲ್ಲಿ ತಣ್ಣಗೆ ಮಾಡಿಯೇ ಇದಕ್ಕೆ ಇಡಿ. ಬಿಸಿ ಸಾಂಬಾರ್ ಪಾತ್ರೆ ಇಟ್ಟರೆ ಸಣ್ಣ ಫ್ರಿಜ್ ಅದನ್ನು ತಣಿಸುವುದರಲ್ಲೇ ಬ್ಯಾಟರಿ ಮುಗಿಸುತ್ತದೆ. ಫ್ರೀಜರಿನಲ್ಲಿ ಐಸ್ ಗಡ್ಡೆ ಕಟ್ಟಿದ್ದರೆ ಮೊದಲೇ ಕರಗಿಸಿ ಒರೆಸಿ. ದಾರಿಯಲ್ಲಿ ಅದು ಕಳಚಿ ಬಿದ್ದರೆ ಕಲ್ಲು ಬಿದ್ದ ಹಾಗೆ.

ಗಾಜಿನದ್ದು ಏನೂ ಬೇಡ. ಉಪ್ಪಿನಕಾಯಿ, ಜಾಮ್, ಪುನರ್ಪುಳಿ ಶರಬತ್ತು, ಎಲ್ಲವನ್ನೂ ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿಕೊಳ್ಳಿ. ಒತ್ತಿ ಮುಚ್ಚುವ ಸ್ಟೀಲ್ ಡಬ್ಬ ಮನೆಗೆ ಸರಿ, ಗಾಡಿಗಲ್ಲ, ಮುಚ್ಚಳ ಹಾರುತ್ತದೆ. ಫ್ರಿಜ್‌ನ ಒಳಗಿನ ತಟ್ಟೆಯೇ ಗಾಜಿನದ್ದಾಗಿದ್ದರೆ? ನಾವು ಅದನ್ನು ತೆಗೆದು ಮನೆಯಲ್ಲಿಟ್ಟು, ಅದೇ ಅಳತೆಗೆ ತೂತು ತೂತಿನ ಪ್ಲಾಸ್ಟಿಕ್ ಹಲಗೆ ಕತ್ತರಿಸಿ ಹಾಕಿದೆವು. ಆ ತೂತು ಗಾಳಿಯಾಡಲೂ ಬೇಕು.

ಕೆಳಗೆ ಭಾರ, ಮೇಲೆ ಹಗುರ. ಹಿಟ್ಟು, ನೀರು, ಹಾಲು ತಳದಲ್ಲಿ. ನಡುವೆ ಪಲ್ಯ, ಗಸಿ, ಮೊಸರು. ಮೇಲೆ ಕೊತ್ತಂಬರಿ, ಕರಿಬೇವಿನಸೊಪ್ಪು, ಹರಿವೆ. ಬಾಗಿಲಿನ ರ‍್ಯಾಕ್‌ಗಳನ್ನು ನಾವು ಪ್ರಯಾಣದಲ್ಲಿ ಖಾಲಿ ಬಿಡುತ್ತೇವೆ. ಬೆಣ್ಣೆಯ ಪ್ಯಾಕೆಟೋ ಒಂದು ಮುಷ್ಟಿ ಹಸಿಮೆಣಸೋ ಇಟ್ಟರೆ ಪರವಾಗಿಲ್ಲ. ಬಾಟಲಿ ಮಾತ್ರ ಅಲ್ಲಿ ನಿಲ್ಲಿಸಲೇಬೇಡಿ. ಮೊಟ್ಟೆಗೆ ಬಾಗಿಲಿನ ಮೊಟ್ಟೆ ಜಾಗ ಉಪಯೋಗಿಸಬೇಡಿ, ಮುಚ್ಚಳ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಮೊಟ್ಟೆ ಪೆಟ್ಟಿಗೆ ತೆಗೆದುಕೊಳ್ಳಿ.

ಇಡ್ಲಿ, ದೋಸೆ ಹಿಟ್ಟಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನಮ್ಮವರು ಹಿಟ್ಟಿಲ್ಲದೆ ಹೊರಡುವುದಿಲ್ಲ. ಹಿಟ್ಟು ಉಬ್ಬಿದ ಮೇಲೆ ಫ್ರಿಜ್‌ಗೆ ಇಟ್ಟರೆ ಅದರೊಳಗೆ ಗಾಳಿ ತುಂಬಿರುತ್ತದೆ, ದಾರಿಯಲ್ಲಿ ಕುಲುಕಿದಾಗ ಅದು ಮೇಲೆ ಬಂದು ಮುಚ್ಚಳವನ್ನು ತಳ್ಳುತ್ತದೆ, ಸಂದಿಯಿಂದ ನೊರೆ ಇಳಿಯುತ್ತದೆ. ಜತೆಗೆ ನಾವು ಸಮುದ್ರ ಮಟ್ಟದಿಂದ ಮೇಲೆ ಹೋಗುತ್ತೇವೆ. ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಉಡುಪಿಯಲ್ಲಿ ಬಿಗಿಯಾಗಿ ಮುಚ್ಚಿದ ಡಬ್ಬ ಅಲ್ಲಿ ಒಳಗಿನಿಂದಲೇ ಉಬ್ಬುತ್ತದೆ, ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಆಗುವುದನ್ನು ನೀವೂ ನೋಡಿರುತ್ತೀರಿ. ಅದಕ್ಕೆ ನಾವು ಮಾಡುವುದು ಹೀಗೆ. ರುಬ್ಬಿದ ಕೂಡಲೇ, ಹುಳಿ ಬರುವ ಮೊದಲೇ ಹಿಟ್ಟನ್ನು ಫ್ರಿಜ್‌ಗೆ ಇಡುವುದು. ಡಬ್ಬದ ಅರ್ಧಕ್ಕಿಂತ ಮೇಲೆ ತುಂಬದಿರುವುದು. ಆ ಡಬ್ಬವನ್ನು ಇನ್ನೊಂದು ಆಳದ ಪಾತ್ರೆಯೊಳಗೆ ಕೂರಿಸುವುದು, ಚೆಲ್ಲಿದರೂ ಅದರೊಳಗೇ ನಿಲ್ಲಲಿ. ರಾತ್ರಿ ತಂಗುವಲ್ಲಿ ಹೊರಗೆ ತೆಗೆದಿಟ್ಟರೆ ಬೆಳಿಗ್ಗೆಗೆ ಉಬ್ಬಿರುತ್ತದೆ. ಮಲೆನಾಡಿನ ಚಳಿಗೆ ಸ್ವಲ್ಪ ಹೊತ್ತು ಜಾಸ್ತಿ ಬೇಕು, ಬೈರಾಸು (ತೆಳು ಟವೆಲ್) ಸುತ್ತಿಡಿ. ನೀರ್ ದೋಸೆ ಹಿಟ್ಟಿಗೆ ಉಬ್ಬುವ ತೊಂದರೆ ಇಲ್ಲ, ಆದರೆ ಅದು ನೀರಿನಷ್ಟೇ ತೆಳು, ಕೂದಲೆಳೆಯಷ್ಟು ಸಂದಿ ಸಿಕ್ಕರೂ ಸೋರುತ್ತದೆ. ಗಟ್ಟಿಯಾಗಿ ರುಬ್ಬಿ ತಂದು, ಹೊಯ್ಯುವ ಮೊದಲು ನೀರು ಸೇರಿಸಿ.

ಕೋರಿ ಗಸಿ, ಸಾಂಬಾರ್, ಇಂಥ ಹರಿಯುವುದನ್ನೆಲ್ಲ ಚಪ್ಪಟೆ ಡಬ್ಬದಲ್ಲಿ ಹಾಕಿ ಎರಡು ದಿನ ಮೊದಲೇ ಫ್ರೀಜರಿನಲ್ಲಿ ಗಟ್ಟಿ ಮಾಡಿ. ಗಡ್ಡೆ ಚೆಲ್ಲುವುದಿಲ್ಲ, ಫ್ರಿಜ್ಜನ್ನೂ ತಣ್ಣಗಿಡುತ್ತದೆ. ಹಾಗೆಯೇ ಅರ್ಧ ಲೀಟರ್ ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿ ಸಂದಿಗಳಲ್ಲಿ ತುರುಕಬಹುದು. ಬಾಟಲಿ ಪೂರ್ತಿ ತುಂಬಬೇಡಿ, ಐಸ್ ಆಗುವಾಗ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ. ಹಾಲಿನ ಪ್ಯಾಕೆಟ್ ಒಂದು ಮುಚ್ಚಳದ ಡಬ್ಬದಲ್ಲೇ ಇರಲಿ. ಕಂಬಿಯ ತಟ್ಟೆಗೆ ಉಜ್ಜಿ ಉಜ್ಜಿ ಸೂಜಿ ಮೊನೆಯಷ್ಟು ತೂತಾದರೂ ಸಾಕು, ಆ ವಾಸನೆ ವಾರಗಟ್ಟಲೆ ಹೋಗುವುದಿಲ್ಲ.

ಇನ್ನು ಸಂದಿ ಮುಚ್ಚುವುದು. ಇದೇ ಮುಖ್ಯ ಕೆಲಸ, ಇದಕ್ಕೇ ಅರ್ಧ ಗಂಟೆ ಇಟ್ಟುಕೊಳ್ಳಿ. ಸಣ್ಣ ಸಣ್ಣದನ್ನೆಲ್ಲ ಚೌಕದ ಬುಟ್ಟಿಗಳಲ್ಲಿ ಒಟ್ಟು ಮಾಡಿ. ದುಂಡು ಡಬ್ಬಕ್ಕಿಂತ ಚೌಕ ಡಬ್ಬ ಒಳ್ಳೆಯದು, ಒಂದಕ್ಕೊಂದು ಒತ್ತಿ ಕೂರುತ್ತದೆ, ಉರುಳುವುದಿಲ್ಲ. ಪ್ರತಿ ತಟ್ಟೆಗೂ ಜಾರದ ರಬ್ಬರ್ ಜಾಲರಿ ಮ್ಯಾಟ್ ಹಾಸಿ. ಉಳಿದ ಸಂದಿಗೆ ಬೈರಾಸು ಸುರುಳಿ ಸುತ್ತಿ ತುರುಕಿ. ಹತ್ತಿಯ ತೆಳು ಬೈರಾಸು ಇದಕ್ಕೆ ಹೇಳಿ ಮಾಡಿಸಿದ್ದು, ಎಷ್ಟು ಬೇಕೋ ಅಷ್ಟು ದಪ್ಪ ಸುತ್ತಬಹುದು, ಏನಾದರೂ ಸೋರಿದರೆ ಹೀರಿಕೊಳ್ಳುತ್ತದೆ, ಸಂಜೆ ಒಗೆದು ಒಣಗಲು ಹಾಕಬಹುದು. ಆದರೆ ಹಿಂಗೋಡೆಯ ಗಾಳಿ ಬರುವ ತೂತನ್ನಾಗಲಿ ತಣ್ಣಗಾಗುವ ತಗಡನ್ನಾಗಲಿ ಮುಚ್ಚಬೇಡಿ. ಅಲ್ಲಿ ಎರಡು ಬೆರಳು ಜಾಗ ಬಿಡಲೇಬೇಕು, ಇಲ್ಲದಿದ್ದರೆ ಮುಂದಿನದ್ದು ಬೆಚ್ಚಗಾಗಿ ಹಿಂದಿನದ್ದು ಐಸ್ ಆಗುತ್ತದೆ. ಆ ಎರಡು ಬೆರಳಿನ ಜಾಗಕ್ಕೆ ಡಬ್ಬ ಜಾರದ ಹಾಗೆ ನಾವು ತೂತಿನ ಬುಟ್ಟಿಯೊಂದನ್ನು ಅಡ್ಡ ನಿಲ್ಲಿಸಿದ್ದೇವೆ.

ತಟ್ಟೆಯ ಮುಂಭಾಗಕ್ಕೆ ಅಡ್ಡಲಾಗಿ ಸ್ಪ್ರಿಂಗ್ ಕೋಲು ಹಾಕಬಹುದು, ಕಿಟಕಿಯ ಸಣ್ಣ ಪರದೆಗೆ ಹಾಕುತ್ತಾರಲ್ಲ, ಅದೇ. ಎರಡೂ ಗೋಡೆಗೆ ಒತ್ತಿ ನಿಲ್ಲುತ್ತದೆ. ಡಬ್ಬಗಳ ನಡು ಎತ್ತರಕ್ಕೆ ಬರುವ ಹಾಗೆ ಹಾಕಿ, ಬುಡಕ್ಕೆ ಹಾಕಿದರೆ ಡಬ್ಬ ಅದರ ಮೇಲಿನಿಂದ ಮಗುಚುತ್ತದೆ. ನಮಗೆ ಇದಕ್ಕಿಂತ ಇಷ್ಟವಾದದ್ದು ಬಲೆ. ಮೀನಿನ ಬೋಟು ನಿಲ್ಲುವ ಧಕ್ಕೆಯಲ್ಲಿ ಬಲೆ ಸರಿಮಾಡುವವರ ಹತ್ತಿರ ಕೇಳಿದರೆ ಹಳೇ ನೈಲಾನ್ ಬಲೆಯ ತುಂಡು ಕೊಡುತ್ತಾರೆ. ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿ, ತಟ್ಟೆಯ ಅಗಲಕ್ಕೆ ಕತ್ತರಿಸಿ, ಅಂಚುಗಳಿಗೆ ಸಣ್ಣ ಹುಕ್ಕು ಕಟ್ಟಿ. ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಸಿಕ್ಕಿಸಿದರೆ ಮುಂದೆ ಒಂದು ಜಾಲರಿ ಬಾಗಿಲೇ ಆಯಿತು. ಗಾಳಿಯೂ ಆಡುತ್ತದೆ, ಒಳಗೇನಿದೆ ಅಂತಲೂ ಕಾಣುತ್ತದೆ.

ಎಲ್ಲ ಆದ ಮೇಲೆ ಅಂಗೈಯಲ್ಲಿ ಪ್ರತಿ ಸಾಲನ್ನೂ ಎಡಕ್ಕೆ, ಬಲಕ್ಕೆ, ಮುಂದಕ್ಕೆ ತಳ್ಳಿ ನೋಡಿ. ಒಂದು ಬೆರಳಿಗಿಂತ ಜಾಸ್ತಿ ಸರಿದರೆ ಇನ್ನೊಂದು ಬೈರಾಸು. ನಮ್ಮ ಅಮ್ಮ ಈಗ ಇದನ್ನು ತಾವೇ ಮಾಡುತ್ತಾರೆ. ತಳ್ಳಿ, ಕಿವಿ ಕೊಟ್ಟು ಕೇಳಿ, "ಇಲ್ಲಿ ಇನ್ನೂ ಟಕ್ ಅಂತದೆ" ಅಂತ ತೋರಿಸುತ್ತಾರೆ. ಅವರ ಕಿವಿಗೆ ಸಿಕ್ಕಿದ್ದು ನನ್ನ ಕಣ್ಣಿಗೆ ಎಷ್ಟೋ ಸಲ ಕಾಣುವುದಿಲ್ಲ.

ಮೀನು

ಹಸಿ ಮೀನನ್ನು ಗಾಡಿಯ ಫ್ರಿಜ್‌ಗೆ ಇಡಬೇಡಿ. ಬಂಗುಡೆಯೋ ಬೂತಾಯಿಯೋ, ಎಷ್ಟೇ ಸುತ್ತಿಟ್ಟರೂ ನೀರು ಇಳಿಯುತ್ತದೆ, ಆ ನೀರು ಹಾಲಿಗೂ ಸೊಪ್ಪಿಗೂ ಮುಟ್ಟಿದರೆ ಎಲ್ಲ ಎಸೆಯಬೇಕು. ಬೇರೆ ಥರ್ಮೊಕೋಲ್ ಪೆಟ್ಟಿಗೆ ಇರಲಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸ್, ಒಂದು ಪದರ ಐಸ್ ಒಂದು ಪದರ ಮೀನು. ಕರಗಿದ ನೀರಿನಲ್ಲಿ ಮೀನು ಮುಳುಗಿ ಕೂರದ ಹಾಗೆ ತಳದಲ್ಲಿ ತೂತಿನ ತಟ್ಟೆ ಇಡಿ. ಪೆಟ್ಟಿಗೆಯನ್ನು ನೆಲದಲ್ಲಿಟ್ಟು ಪಟ್ಟಿಯಲ್ಲಿ ಬಿಗಿಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಆಗ ಸಿಗುವ ತಾಜಾ ಮೀನೇ ಕಡಿಮೆ, ಒಣಮೀನು ಕಟ್ಟಿಕೊಂಡರೆ ಫ್ರಿಜ್ ಚಿಂತೆಯೇ ಇಲ್ಲ.

ತಂಪು, ಬ್ಯಾಟರಿ, ಗ್ಯಾಸ್

ಚೆಲ್ಲದೆ ಉಳಿದರೆ ಸಾಲದು, ಕೆಡದೆಯೂ ಉಳಿಯಬೇಕು. ಸಣ್ಣ ಥರ್ಮಾಮೀಟರ್ ಒಂದನ್ನು ನಡುವಿನ ತಟ್ಟೆಯಲ್ಲಿ ಕಟ್ಟಿಡಿ. ಫ್ರಿಜ್ 4 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಫ್ರೀಜರ್ ಮೈನಸ್ 18. ಬೇಯಿಸಿದ ಊಟ, ಹಾಲು, ಮಾಂಸ ಎರಡು ಗಂಟೆಗಿಂತ ಜಾಸ್ತಿ ಬೆಚ್ಚಗೆ ಉಳಿದಿದ್ದರೆ ತಿನ್ನಬೇಡಿ. ಏಪ್ರಿಲ್, ಮೇ ಸೆಖೆಯಲ್ಲಿ ಒಂದು ಗಂಟೆಯೇ ಮಿತಿ. ಮೂಸಿ ನೋಡಿ ಚೆನ್ನಾಗಿದೆ ಅಂದರೆ ಸಾಲದು, ಕೆಟ್ಟದ್ದೆಲ್ಲ ವಾಸನೆ ಕೊಡುವುದಿಲ್ಲ.

12 ವೋಲ್ಟ್ ಕಂಪ್ರೆಸರ್ ಫ್ರಿಜ್ ಗಾಡಿ ಓರೆಯಾದರೂ ಕೆಲಸ ಮಾಡುತ್ತದೆ, ಹೆಚ್ಚಿನವು 30 ಡಿಗ್ರಿಯಷ್ಟು ವಾಲಿದರೂ ತಡೆಯುತ್ತವೆ. ಗಾಡಿ ಓಡುವಾಗ ಎಂಜಿನ್ ಜತೆ ತಿರುಗುವ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿರುತ್ತದೆ. ನಿಲ್ಲಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಫ್ರಿಜ್ ಎಳೆಯದ ಹಾಗೆ ಬೇರೆ ಬ್ಯಾಟರಿ ಇರಲಿ. ವೋಲ್ಟೇಜ್ ಇಳಿದಾಗ ತಾನೇ ಆಫ್ ಆಗುವ ವ್ಯವಸ್ಥೆ ಫ್ರಿಜ್‌ನಲ್ಲಿದ್ದರೆ ಅದನ್ನು ಆನ್ ಮಾಡಿಡಿ.

ಗ್ಯಾಸ್, 12 ವೋಲ್ಟ್, ಮನೆಯ ಕರೆಂಟು, ಹೀಗೆ ಮೂರರಲ್ಲೂ ನಡೆಯುವ ಫ್ರಿಜ್ ಇದ್ದರೆ ಎರಡು ವಿಷಯ. ಅದರೊಳಗೆ ಅಮೋನಿಯಾ ಇಳಿದು ಹರಿಯಬೇಕಾದ ಕಾರಣ ನಿಲ್ಲಿಸುವಾಗ ಗಾಡಿ ಸಮತಟ್ಟಾಗಿರಬೇಕು. ಇನ್ನೊಂದು, ಓಡುವಾಗ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, 12 ವೋಲ್ಟಿಗೆ ಹಾಕಿ. ಪೆಟ್ರೋಲ್ ಬಂಕಿಗೆ ಉರಿಯುವ ಜ್ವಾಲೆ ಇಟ್ಟುಕೊಂಡು ಹೋಗುವುದು ಅಂದರೆ ನೆನೆಸಿಕೊಂಡರೇ ಮೈ ನಡುಗುತ್ತದೆ. ಈ ಒಂದು ವಿಷಯದಲ್ಲಿ ಯಾರ ಮಾತಿಗೂ ಒಪ್ಪಬೇಡಿ.

ದಾರಿಯಲ್ಲಿ

ಹೊರಟು ಎರಡು ಕಿಲೋಮೀಟರ್ ಆದ ಮೇಲೆ, ಒಂದೆರಡು ಹಂಪ್ ದಾಟಿದ ಮೇಲೆ, ಒಮ್ಮೆ ನಿಲ್ಲಿಸಿ ನೋಡಿ. ಏನು ಸರಿಯಬೇಕೋ ಅದು ಅಷ್ಟರಲ್ಲಿ ಸರಿದಿರುತ್ತದೆ. ಎರಡನೇ ಸಲ ನೋಡುವುದು ಘಾಟಿಯ ಬುಡದಲ್ಲಿ. ಆಗುಂಬೆಗೆ ಹೋಗುವಾಗ ಸೋಮೇಶ್ವರ, ಶಿರಾಡಿಗೆ ಗುಂಡ್ಯ, ಮಡಿಕೇರಿ ಕಡೆಗೆ ಸಂಪಾಜೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು, ಒಮ್ಮೆ ಹತ್ತಲು ಶುರು ಮಾಡಿದರೆ ನಡುವೆ ನಿಲ್ಲಿಸಿ ಫ್ರಿಜ್ ನೋಡುತ್ತೇನೆ ಅಂದರೆ ಆಗುವುದಿಲ್ಲ. ಹೊರಡುವ ಮೊದಲು ಆ ಘಾಟಿಗೆ ನಿಮ್ಮ ಅಳತೆಯ ಗಾಡಿ ಬಿಡುತ್ತಾರಾ ಅಂತಲೂ ಕೇಳಿಕೊಳ್ಳಿ, ಮಳೆಗಾಲದಲ್ಲಿ ನಿಯಮ ಬದಲಾಗುತ್ತಿರುತ್ತದೆ.

ಘಾಟಿಗಿಂತ ನಮಗೆ ಜಾಸ್ತಿ ಕಾಟ ಕೊಟ್ಟದ್ದು ಹೆದ್ದಾರಿ 66ರ ಸರ್ವಿಸ್ ರಸ್ತೆಗಳು. ಘಾಟಿಯಲ್ಲಿ ನಿಧಾನ ಹೋಗುತ್ತೇವೆ, ಇಲ್ಲಿ ಹಂಪ್ ಕಾಣದೆ ಹಾರಿಸುತ್ತೇವೆ. ಹಂಪಿನಲ್ಲಿ ಸಾಮಾನು ಮೇಲಕ್ಕೆ ನೆಗೆಯುತ್ತದೆ, ಆಗ ಸ್ಪ್ರಿಂಗ್ ಕೋಲು ಏನೂ ಮಾಡಲಾರದು, ಬಲೆಯೇ ಬೇಕು. ಮೇಲಿನ ತಟ್ಟೆಗೂ ಡಬ್ಬದ ಮುಚ್ಚಳಕ್ಕೂ ನಡುವೆ ಜಾಗ ಉಳಿದಿದ್ದರೆ ಅಲ್ಲೂ ಒಂದು ಮಡಚಿದ ಬಟ್ಟೆ ಇಡಿ.

ತಲುಪಿದ ಮೇಲೆ ಬಾಗಿಲು ತೆರೆಯುವುದಕ್ಕೂ ಒಂದು ಕ್ರಮ ಇದೆ. ಗಾಡಿ ಸಮ ನೆಲದಲ್ಲಿರಲಿ. ಮಕ್ಕಳು ಹತ್ತಿರ ಬೇಡ. ಕಾಲಿಗೆ ಚಪ್ಪಲಿ ಇರಲಿ. ಬಾಗಿಲಿನ ಎದುರು ನಿಲ್ಲದೆ ಬದಿಗೆ ನಿಂತು, ಒಂದು ಕೈ ಚಿಲಕಕ್ಕೆ, ಇನ್ನೊಂದು ಅಂಗೈಯನ್ನು ಬಾಗಿಲಿಗೆ ಒತ್ತಿ ಹಿಡಿದು, ಮೊದಲು ಎರಡೇ ಇಂಚು ತೆರೆಯಿರಿ. ಆ ಸಂದಿಯಿಂದ ಒಳಗೆ ನೋಡಿ. ಏನಾದರೂ ಬಾಗಿಲಿಗೆ ಒರಗಿದ್ದರೆ ಕೈ ಹಾಕಿ ಹಿಂದಕ್ಕೆ ತಳ್ಳಿ, ಆಮೇಲೆ ಪೂರ್ತಿ ತೆರೆಯಿರಿ. ಒಂದು ಡಬ್ಬ ತೆಗೆದಿರಿ ಅಂದರೆ ಆ ಜಾಗ ಖಾಲಿ ಆಯಿತು. ಮುಂದಕ್ಕೆ ಹೊರಡುವ ಮೊದಲು ಅಲ್ಲಿಗೆ ಏನಾದರೂ ತುಂಬಿ. ಮೊದಲ ದಿನ ಎಲ್ಲರೂ ಸರಿಯಾಗಿ ಕಟ್ಟುತ್ತಾರೆ, ಚೆಲ್ಲುವುದು ಮೂರನೇ ದಿನ, ಅರ್ಧ ಖಾಲಿಯಾದ ಫ್ರಿಜ್‌ನಲ್ಲಿ. ನಾವು ನಾಲ್ಕು ಬೈರಾಸು, ಎರಡು ಖಾಲಿ ಚೌಕ ಡಬ್ಬ ಜಾಸ್ತಿಯೇ ಇಟ್ಟುಕೊಳ್ಳುವುದು ಇದಕ್ಕೇ.

ಅಷ್ಟಾಗಿಯೂ ಚೆಲ್ಲಿತು ಅಂತಾದರೆ ಮೊದಲು ಗಾಜು ಇದೆಯಾ ನೋಡಿ, ಆಮೇಲೆ ಒರೆಸಿ. ಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಒಳಗೆಲ್ಲ ಒರೆಸಿದರೆ ಹುಳಿ ವಾಸನೆ ಹೋಗುತ್ತದೆ. ಬಾಗಿಲ ರಬ್ಬರಿನ ಮಡಿಕೆಗಳನ್ನು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಅಲ್ಲಿ ಹಿಟ್ಟು ಒಣಗಿ ಕೂತರೆ ಬಾಗಿಲು ಸರಿಯಾಗಿ ಕಚ್ಚುವುದಿಲ್ಲ. ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದು ನೋಡಿ, ಸಲೀಸಾಗಿ ಬಂದರೆ ಆ ಜಾಗದಲ್ಲಿ ರಬ್ಬರ್ ಸಡಿಲ ಇದೆ.

ಮನೆಗೆ ಬಂದ ಮೇಲೆ ಪೂರ್ತಿ ಖಾಲಿ ಮಾಡಿ, ಒರೆಸಿ, ಬಾಗಿಲನ್ನು ಆ ಒಂದು ಬೆರಳು ತೆರೆದ ಹಂತದಲ್ಲಿ ಲಾಕ್ ಮಾಡಿಡಿ. ಅಂಥ ಲಾಕ್ ಇಲ್ಲದಿದ್ದರೆ ಮಡಚಿದ ಬೈರಾಸನ್ನು ಸಂದಿಗೆ ಕೊಟ್ಟು ಪಟ್ಟಿ ಬಿಗಿಯಿರಿ. ನಮ್ಮ ಮಳೆಗಾಲದಲ್ಲಿ ಮುಚ್ಚಿಟ್ಟ ಫ್ರಿಜ್‌ನ ಒಳಗೆ ಹತ್ತೇ ದಿನದಲ್ಲಿ ಕಪ್ಪು ಬೂಸ್ಟು ಬರುತ್ತದೆ. ಚಿಲಕವನ್ನು ಸಿಹಿ ನೀರಿನ ಬಟ್ಟೆಯಲ್ಲಿ ಒರೆಸಿ ಉಪ್ಪು ತೆಗೆಯಿರಿ, ಸ್ಕ್ರೂಗಳನ್ನು ಒಂದು ಸುತ್ತು ಬಿಗಿ ಮಾಡಿ, ಬಲೆ ಮತ್ತು ಬೈರಾಸುಗಳನ್ನು ಒಗೆದು ಬಿಸಿಲಿಗೆ ಹಾಕಿ.